ಓಬವ್ವನಿಗೆ ಕಿರೀಟ ಬೇಡ

1/5
ನವೆಂಬರ್ ಬಂತು ಅಂದ್ರೆ ಶಾಲೆಗಳಲ್ಲಿ ಫ್ಯಾನ್ಸಿ ಡ್ರೆಸ್ ಸುಗ್ಗಿ. 1ಕ್ಕೆ ರಾಜ್ಯೋತ್ಸವ, 11ಕ್ಕೆ ಒನಕೆ ಓಬವ್ವ ಜಯಂತಿ, 14ಕ್ಕೆ ಮಕ್ಕಳ ದಿನಾಚರಣೆ. ನಿಮ್ಮ ತಂಗಿಗೋ, ಅಕ್ಕನ ಮಗಳಿಗೋ ಓಬವ್ವನ ವೇಷ ಹಾಕಿಸೋ ಕೆಲಸ ಈ ತಿಂಗಳು ನಿಮಗೂ ಬರಬಹುದು. ಬಾಡಿಗೆ ಅಂಗಡಿಗೆ ಹೋದ್ರೆ ಏನು ಕೊಡ್ತಾರೆ ನೋಡಿ: ಮಿರಮಿರ ಮಿಂಚೋ ಜರಿ ಸೀರೆ, ಸೊಂಟಕ್ಕೆ ಡಾಬು, ತೋಳಿಗೆ ವಂಕಿ, ಕೆಲವು ಕಡೆ ಕಿರೀಟ ಕೂಡ! ಅದೇ ಸೆಟ್ಟಿಗೆ ಕತ್ತಿ ಸೇರಿಸಿದ್ರೆ ಕಿತ್ತೂರು ಚೆನ್ನಮ್ಮ, ಒನಕೆ ಸೇರಿಸಿದ್ರೆ ಓಬವ್ವ.

ತೊಂದರೆ ಇರೋದೇ ಇಲ್ಲಿ. ಚೆನ್ನಮ್ಮ ರಾಣಿ. ಓಬವ್ವ ರಾಣಿ ಅಲ್ಲ.

2/5
ಓಬವ್ವ ಚಿತ್ರದುರ್ಗದ ಕೋಟೆ ಕಾವಲುಗಾರ ಮುದ್ದಹನುಮನ ಹೆಂಡತಿ. ಕಾಲ ಮದಕರಿ ನಾಯಕನದ್ದು, ಮುತ್ತಿಗೆ ಹಾಕಿದವನು ಹೈದರಾಲಿ. ಗಂಡ ಊಟಕ್ಕೆ ಕೂತಿದ್ದಾಗ ನೀರು ತರೋಕೆ ಹೋದವಳಿಗೆ ಬಂಡೆ ಸಂದಿಯಿಂದ ಸೈನಿಕರು ನುಸುಳೋ ಸದ್ದು ಕೇಳಿಸಿತು. ಕೈಗೆ ಸಿಕ್ಕಿದ್ದು ಭತ್ತ ಕುಟ್ಟೋ ಒನಕೆ. ಆ ಕಿಂಡಿಯನ್ನ ಇವತ್ತಿಗೂ ಕೋಟೆಯಲ್ಲಿ ತೋರಿಸ್ತಾರೆ. 1779ರಲ್ಲಿ ಕೋಟೆ ಹೈದರಾಲಿ ವಶ ಆಯ್ತು, ಆದ್ರೆ ಜನ ಓಬವ್ವನ ಹೆಸರು ಬಿಡಲಿಲ್ಲ.

ಅವಳನ್ನ ಛಲವಾದಿ ಸಮುದಾಯದ ಹೆಣ್ಣುಮಗಳು ಅಂತ ನಾಡು ಗುರುತಿಸುತ್ತೆ. ಅರಮನೆ ಇಲ್ಲ, ಸೈನ್ಯ ಇಲ್ಲ, ಕತ್ತಿ ಇಲ್ಲ. ಅವಳ ಕಥೆಯ ಶಕ್ತಿ ಇರೋದೇ ಅಲ್ಲಿ.

3/5
ಹಾಗಾದ್ರೆ ನಮ್ಮ ಕಣ್ಣಿಗೆ ಕಟ್ಟಿರೋ ಓಬವ್ವ ಯಾರು? ಆ ಕಾಲದಲ್ಲಿ ಅವಳನ್ನ ನೋಡಿ ಬರೆದ ಚಿತ್ರ ನಮ್ಮ ಹತ್ರ ಇಲ್ಲ. 1972ರಲ್ಲಿ ತ.ರಾ.ಸು. ಕಾದಂಬರಿಗಳನ್ನ ಆಧರಿಸಿ ಪುಟ್ಟಣ್ಣ ಕಣಗಾಲ್ ‘ನಾಗರಹಾವು’ ಸಿನಿಮಾ ಮಾಡಿದ್ರು. ಅದರ ಒಂದು ಹಾಡಿನಲ್ಲಿ ಜಯಂತಿ ಓಬವ್ವ ಆದ್ರು. ಕಚ್ಚೆ ಸೀರೆ, ಎತ್ತಿ ಹಿಡಿದ ಒನಕೆ, ಉರಿಯೋ ಕಣ್ಣು. ಅಂದಿನಿಂದ ವೇದಿಕೆ ಮೇಲಿನ ಪುಟಾಣಿ ಓಬವ್ವಂದಿರೆಲ್ಲ ಒಂದು ಲೆಕ್ಕದಲ್ಲಿ ಜಯಂತಿಯ ಮಕ್ಕಳೇ. ಜರಿ, ಕಿರೀಟ ಆಮೇಲೆ ಬಾಡಿಗೆ ಅಂಗಡಿಯ ಕೊಡುಗೆ.

4/5
ಈಗ ಹೊಲಿಗೆಗೆ ಬನ್ನಿ. ಸಿಂಗರ್ ತನ್ನ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದು 1851ರಲ್ಲಿ, ಓಬವ್ವನ ಕಾಲಕ್ಕಿಂತ ಸುಮಾರು 70 ವರ್ಷ ಆಮೇಲೆ. ಕಚ್ಚೆ ಸೀರೆಗಂತೂ ಹೊಲಿಗೆಯೇ ಬೇಡ. ನೆರಿಗೆಯನ್ನ ಕಾಲ ಸಂದಿಯಿಂದ ಹಿಂದಕ್ಕೆ ತಂದು ಸೊಂಟಕ್ಕೆ ಸಿಕ್ಕಿಸಿದ್ರೆ ಆಯ್ತು. ಬಗ್ಗಬಹುದು, ಓಡಬಹುದು, ಬಂಡೆ ಹತ್ತಬಹುದು. ದುಡಿಯೋ ಹೆಂಗಸಿನ ಉಡುಗೆ ಅದು.

ಆದ್ರೆ ಆರು ವರ್ಷದ ಮಗು ಮೈಮೇಲೆ ಅಷ್ಟುದ್ದ ಬಟ್ಟೆ ನಿಲ್ಲಲ್ಲ. ಅದಕ್ಕೇ ಅಜ್ಜಿಯ ಹಳೇ ನೂಲಿನ ಸೀರೆ ಕೇಳಿ ತಗೊಳ್ಳಿ. ಸಡಿಲ ಪೈಜಾಮ ಹೊಲಿದು ಸೊಂಟಕ್ಕೆ ಎಲಾಸ್ಟಿಕ್ ಹಾಕಿ. ನೆರಿಗೆಗಳನ್ನ ಮುಂದೆ ಹೊಲಿದು ಕೂರಿಸಿ, ಹಿಂದೆ ಕಚ್ಚೆ ತರಹ ಒಂದು ಪಟ್ಟಿ ಸೇರಿಸಿ. ಸೆರಗನ್ನ ಎದೆ ಮೇಲಿಂದ ತಂದು ಸೊಂಟಕ್ಕೆ ಬಿಗಿಯಾಗಿ ಕಟ್ಟಿ. ಗಾಜಿನ ಬಳೆ ಬೇಡ, ಒಡೆದರೆ ಮಗುವಿನ ಕೈಗೆ ಗಾಯ. ಪ್ಲಾಸ್ಟಿಕ್ ಹಸಿರು ಬಳೆ, ಕುಂಕುಮ ಸಾಕು. ಒನಕೆಗೆ ರಟ್ಟಿನ ಕೊಳವೆ, ಮೇಲೆ ಕಂದು ಕಾಗದ. ತುದಿಯ ಕಬ್ಬಿಣದ ಬಳೆಗೆ ಕಪ್ಪು ಟೇಪ್ ಸುತ್ತಿ.

5/5
“ಅಯ್ಯೋ, ಸ್ವಲ್ಪ ಗ್ರ್ಯಾಂಡ್ ಆಗಿ ಇರಲಿ ಬಿಡಿ” ಅಂತಾರೆ ಮನೇಲಿ. ಆಗ ಒಂದು ಮಾತು ಹೇಳಿ. ಓಬವ್ವನಿಗೆ ಕಿರೀಟ ಇಟ್ಟರೆ ಅವಳಿಗೆ ಮರ್ಯಾದೆ ಕೊಟ್ಟ ಹಾಗಲ್ಲ, ಅವಳ ಗುರುತು ಅಳಿಸಿದ ಹಾಗೆ. ಧೈರ್ಯ ಮಾಡೋಕೆ ರಾಣಿಯೇ ಆಗಬೇಕು ಅಂತ ಆ ಮಗುವಿಗೆ ಕಲಿಸಿದ ಹಾಗೆ. ವೇದಿಕೆ ಕೆಳಗೆ ಕೂತ ಮಕ್ಕಳಲ್ಲಿ ಕಾವಲುಗಾರರ ಮಕ್ಕಳೂ ಇರ್ತಾರೆ, ಮರೀಬೇಡಿ.

ಈ ಸಲ ಯಾರಿಗಾದ್ರೂ ಓಬವ್ವನ ವೇಷ ಹೊಲಿತಿದ್ದೀರಾ? ಕಾಮೆಂಟಲ್ಲಿ ಹೇಳಿ. ಬಾಡಿಗೆ ಅಂಗಡಿಗೆ ಹೊರಟಿರೋ ಗೆಳತಿಗೆ ಈಗಲೇ ಕಳಿಸಿ.

#ಒನಕೆಓಬವ್ವ #ಚಿತ್ರದುರ್ಗ #ವೇಷದಹಿಂದಿನಇತಿಹಾಸ