ನೀಟ್ ಪರೀಕ್ಷೆಗೆ ಓದುವುದು ಹೇಗೆ? ಹಳ್ಳಿಯ ವಿದ್ಯಾರ್ಥಿಗಳಿಗೊಂದು ಮಾಹಿತಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಕೂಡಲೇ ವೈದ್ಯರಾಗುವ ಆಸೆಯಿರುವ ಮಕ್ಕಳು ಊರು ಬಿಡುವುದು ಈಗ ಸಾಮಾನ್ಯ. ಮಧ್ಯ ಕರ್ನಾಟಕದ ಹಳ್ಳಿಗಳಿಂದ ಕೆಲವರು ದಾವಣಗೆರೆ, ಶಿವಮೊಗ್ಗಕ್ಕೆ ಹೋದರೆ, ಇನ್ನು ಕೆಲವರು ಮಂಗಳೂರು, ಮೂಡುಬಿದಿರೆಯ ವಸತಿ ಕಾಲೇಜುಗಳಿಗೆ ಬರುತ್ತಾರೆ. ಆದರೆ ಕೋಚಿಂಗ್ ಶುಲ್ಕ ಕಟ್ಟಲು ಎಲ್ಲಾ ಹೆತ್ತವರಿಗೂ ಸಾಧ್ಯವಿಲ್ಲ. ಚನ್ನಗಿರಿ ತಾಲೂಕಿನ ಕೆರೆಬಿಳಚಿಯಂತಹ ಊರಿನಲ್ಲೇ ಇದ್ದು, ಹತ್ತಿರದ ಪಿಯು ಕಾಲೇಜಿಗೆ ಹೋಗಿಬರುವ ವಿದ್ಯಾರ್ಥಿಗೆ ದಾರಿ ಇಲ್ಲವೇ? ಇದೆ. ಆ ದಾರಿ ಪಠ್ಯಪುಸ್ತಕದಿಂದಲೇ ಆರಂಭವಾಗುತ್ತದೆ.

ಪರೀಕ್ಷೆಯ ಸ್ವರೂಪ

ಕರ್ನಾಟಕದಲ್ಲಿ ಮೊದಲು ಸಿಇಟಿ ಮೂಲಕ ನಡೆಯುತ್ತಿದ್ದ ವೈದ್ಯಕೀಯ ಪ್ರವೇಶ 2017ರಿಂದ ನೀಟ್ ಮೂಲಕ ನಡೆಯುತ್ತಿದೆ. 2025ರ ಪರೀಕ್ಷೆಯಲ್ಲಿ 180 ಪ್ರಶ್ನೆಗಳಿಗೆ 180 ನಿಮಿಷ ಇತ್ತು. ಭೌತಶಾಸ್ತ್ರ 45, ರಸಾಯನಶಾಸ್ತ್ರ 45, ಜೀವಶಾಸ್ತ್ರ 90 ಪ್ರಶ್ನೆಗಳು. ಸರಿ ಉತ್ತರಕ್ಕೆ 4 ಅಂಕ, ತಪ್ಪಿದರೆ 1 ಅಂಕ ಕಡಿತ. ಒಟ್ಟು 720 ಅಂಕಗಳಲ್ಲಿ 360, ಅಂದರೆ ಸರಿಯಾಗಿ ಅರ್ಧ, ಜೀವಶಾಸ್ತ್ರದ್ದು.

ಜೀವಶಾಸ್ತ್ರದ ಪ್ರಶ್ನೆಗಳಿಗೆ ಮುಖ್ಯ ಆಧಾರ ಎನ್‌ಸಿಇಆರ್‌ಟಿ ಪುಸ್ತಕ. ನಮ್ಮ ಪಿಯುಸಿ ವಿಜ್ಞಾನ ವಿಭಾಗದಲ್ಲೂ ಇದೇ ಪಠ್ಯವಿದೆ. 2022ರಲ್ಲಿ ಪಠ್ಯ ಕಡಿತವಾದ ನಂತರ 11ನೇ ತರಗತಿಯಲ್ಲಿ 19, 12ನೇ ತರಗತಿಯಲ್ಲಿ 13 ಅಧ್ಯಾಯಗಳಿವೆ. ವಾರಕ್ಕೊಂದು ಅಧ್ಯಾಯದಂತೆ ಓದಿದರೂ 32 ವಾರಗಳಲ್ಲಿ ಒಂದು ಸುತ್ತು ಮುಗಿಯುತ್ತದೆ. ಎನ್‌ಸಿಇಆರ್‌ಟಿ ಜಾಲತಾಣದಲ್ಲಿ ಈ ಪುಸ್ತಕಗಳು ಉಚಿತವಾಗಿ ದೊರೆಯುತ್ತವೆ.

ಭಾಷೆಯ ತೊಡಕು

ಕನ್ನಡ ಮಾಧ್ಯಮದಿಂದ ಬಂದ ಅನೇಕರು ಮೊದಲ ಪಿಯುಸಿಯಲ್ಲಿ ಕಂಗಾಲಾಗುವುದು ವಿಷಯ ಕಷ್ಟವೆಂದಲ್ಲ, ಹೆಸರುಗಳು ಬದಲಾದವೆಂದು. ದ್ಯುತಿಸಂಶ್ಲೇಷಣೆ ಗೊತ್ತಿರುವ ಹುಡುಗಿಗೆ ಫೋಟೋಸಿಂಥೆಸಿಸ್ ಹೊಸ ಪಾಠವಲ್ಲ, ಹೊಸ ಹೆಸರು ಮಾತ್ರ. ಅಂಗಾಂಶ ಎಂದರೆ ಟಿಶ್ಯೂ, ಪರಾಗಸ್ಪರ್ಶ ಎಂದರೆ ಪಾಲಿನೇಶನ್. ಇದಕ್ಕಾಗಿ ಒಂದು ಪದಪುಸ್ತಕ ಇಟ್ಟುಕೊಳ್ಳಿ. ಎಡಬದಿಯಲ್ಲಿ ಇಂಗ್ಲಿಷ್ ಪದ, ಬಲಬದಿಯಲ್ಲಿ ಕನ್ನಡದ ಅರ್ಥ ಬರೆಯಿರಿ. ಮೂಲ ಪದಗಳನ್ನು ಗುರುತಿಸಿದರೆ ಕೆಲಸ ಇನ್ನೂ ಹಗುರ: ಕಾರ್ಡಿಯಾಕ್ ಎಂದರೆ ಹೃದಯದ್ದು, ಪಲ್ಮನರಿ ಶ್ವಾಸಕೋಶದ್ದು, ಹೆಪಾಟಿಕ್ ಯಕೃತ್ತಿನದು, ರೀನಲ್ ಮೂತ್ರಪಿಂಡದ್ದು.

2017ರಿಂದ ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಲಭ್ಯ. ಕನ್ನಡ ಆಯ್ದುಕೊಂಡವರಿಗೆ ಎರಡೂ ಭಾಷೆಯ ಪತ್ರಿಕೆ ಸಿಗುತ್ತದೆ. ಆದರೆ ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷ್ ಪ್ರಶ್ನೆಯೇ ಅಂತಿಮ. ಆದ್ದರಿಂದ ಎರಡೂ ಪದಗಳು ತಿಳಿದಿರುವುದು ಒಳ್ಳೆಯದು.

ಮೂರು ಸಲದ ಓದು

1. ಅರ್ಥಕ್ಕಾಗಿ ಓದು: ಮೊದಲ ಸಲ ಬಾಯಿಪಾಠ ಬೇಡ. ಒಂದೊಂದು ಪ್ಯಾರಾ ಓದಿ, ಅದರ ಸಾರವನ್ನು ಮನೆಮಾತಿನಲ್ಲಿ ನಿಮಗೆ ನೀವೇ ಹೇಳಿಕೊಳ್ಳಿ. ಹೇಳಲಾಗದಿದ್ದರೆ ಅರ್ಥವಾಗಿಲ್ಲವೆಂದೇ ಲೆಕ್ಕ.

2. ಪೆನ್ಸಿಲ್ ಹಿಡಿದು ಓದು: ಪ್ರತಿ ಸಾಲಿನಿಂದ ಯಾವ ಪ್ರಶ್ನೆ ಬರಬಹುದೆಂದು ಯೋಚಿಸಿ. ಉದಾಹರಣೆಗೆ, ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿ.ಲೀ. ರಕ್ತ ಹೊರದೂಡುತ್ತದೆ, ನಿಮಿಷಕ್ಕೆ ಸುಮಾರು 72 ಸಲ ಬಡಿಯುತ್ತದೆ. ಗುಣಿಸಿದರೆ ಸುಮಾರು 5 ಲೀಟರ್. ಇಲ್ಲಿ ಮೂರು ಪ್ರಶ್ನೆಗಳು ಅಡಗಿವೆ. ಚಿತ್ರ, ಕೋಷ್ಟಕಗಳನ್ನೂ ಪಾಠದಂತೆಯೇ ಓದಿ.

3. ಪುಸ್ತಕ ಮುಚ್ಚಿ ಓದು: ಖಾಲಿ ಹಾಳೆಯಲ್ಲಿ ನೆನಪಿದ್ದಷ್ಟು ಬರೆದು, ಬಳಿಕ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಗುರುತು ಮಾಡಿ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರ ಮುಂದಿದ್ದರು. ಒಂದು ವಾರದ ನಂತರ, ನೆನಪಿನಿಂದ ಬರೆದವರೇ ಹೆಚ್ಚು ಉಳಿಸಿಕೊಂಡಿದ್ದರು.

ಪ್ರಶ್ನೆಯನ್ನೂ ಓದಬೇಕು

ಅಮೆರಿಕದ ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್‌ನಲ್ಲಿ ಓದಿ ಗ್ರಹಿಸುವ ಶಕ್ತಿಯನ್ನು ಅಳೆಯಲು 90 ನಿಮಿಷಗಳ ಪ್ರತ್ಯೇಕ ವಿಭಾಗವೇ ಇದೆ. ನೀಟ್‌ನಲ್ಲಿ ಅಂತಹ ವಿಭಾಗ ಇಲ್ಲದಿದ್ದರೂ ಓದಿನ ಪರೀಕ್ಷೆ ಇದ್ದೇ ಇದೆ. 'ಯಾವುದು ಸರಿಯಲ್ಲ', 'ಎರಡು ಹೇಳಿಕೆಗಳಲ್ಲಿ ಯಾವುದು ಸರಿ', 'ಹೊಂದಿಸಿ ಬರೆಯಿರಿ' ಎಂಬ ಪ್ರಶ್ನೆಗಳಲ್ಲಿ ಒಂದು ಪದ ಬಿಟ್ಟು ಓದಿದರೂ, ಬರಬೇಕಾದ 4 ಅಂಕ ಹೋಗಿ ಮೇಲೆ 1 ಅಂಕ ಕಡಿತವಾಗುತ್ತದೆ. ಅಪಧಮನಿಯಲ್ಲಿ ಶುದ್ಧ ರಕ್ತವೆಂದು ಬಾಯಿಪಾಠ ಮಾಡಿದವರು ಪಲ್ಮನರಿ ಅಪಧಮನಿಯ ಪ್ರಶ್ನೆಯಲ್ಲಿ ಎಡವುತ್ತಾರೆ; ಅದು ಒಯ್ಯುವುದು ಆಮ್ಲಜನಕ ಕಡಿಮೆಯಿರುವ ರಕ್ತವನ್ನು.

ಓದಿನ ಮಿತಿ

ಭೌತಶಾಸ್ತ್ರಕ್ಕೆ ಓದು ಮಾತ್ರ ಸಾಲದು, ದಿನವೂ ಲೆಕ್ಕ ಬಿಡಿಸಬೇಕು. ರಸಾಯನಶಾಸ್ತ್ರದ ಲೆಕ್ಕಗಳಿಗೂ ಇದೇ ಮಾತು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ. ಪಠ್ಯಕ್ರಮ, ಪರೀಕ್ಷಾ ಕ್ರಮ ಆಗಾಗ ಬದಲಾಗುವುದರಿಂದ ಆಯಾ ವರ್ಷದ ಅಧಿಕೃತ ಮಾಹಿತಿ ಪುಸ್ತಿಕೆಯನ್ನು ತಪ್ಪದೆ ನೋಡಿ.

ಹೆತ್ತವರ ಗಮನಕ್ಕೆ

ರಾಜ್ಯದ ಸರಕಾರಿ ಕೋಟಾ ಸೀಟುಗಳಲ್ಲಿ 1ರಿಂದ 10ನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಪ್ರಮಾಣಪತ್ರಗಳನ್ನು ಶಾಲೆಯಿಂದ ಮುಂಚಿತವಾಗಿಯೇ ಪಡೆದಿಡಿ. ಮಗನಿಗೋ ಮಗಳಿಗೋ ದಿನಕ್ಕೆ ಎರಡು ಗಂಟೆ ಟಿವಿ, ಮೊಬೈಲ್ ಸದ್ದಿಲ್ಲದ ಮೂಲೆಯೊಂದನ್ನು ಬಿಟ್ಟುಕೊಡಿ. ಶುಲ್ಕ ಕಟ್ಟಲಾಗದ ಮನೆಯೂ ಕೊಡಬಹುದಾದ ದೊಡ್ಡ ಸಹಾಯ ಇದು.