ಬ್ರೌಸರಿನ ತೇಪೆ: ದೂರು ಯಾರ ಮೇಲೆ?

ಹಳೆಯ ಬ್ರೌಸರಿನಿಂದಾಗಿ ಕಂಪ್ಯೂಟರಿಗೆ ಕೇಡು ಬಂದಾಗಲೆಲ್ಲ ಬೈಗುಳ ಬಳಕೆದಾರನಿಗೆ: ‘ಅಪ್‌ಡೇಟ್ ಮಾಡೋಕೆ ಏನು ದಾಡಿ?’ ಭದ್ರತಾ ತರಬೇತಿಗಳಲ್ಲಂತೂ ಇದೇ ಪಲ್ಲವಿ. ಇಪ್ಪತ್ತು ವರ್ಷ ಕಚೇರಿಗಳ ಕಂಪ್ಯೂಟರ್ ನೋಡಿಕೊಂಡ ನನಗೆ ಈ ಮಾತು ಒಗ್ಗುವುದಿಲ್ಲ. ಬ್ರೌಸರ್ ನವೀಕರಣದ ಚರಿತ್ರೆ ಹೇಳುವುದೇ ಬೇರೆ.

ಮೊದಲ ಘಟ್ಟ ಸಣ್ಣದು. 1994ರ ನೆಟ್‌ಸ್ಕೇಪ್ ಕಾಲದಲ್ಲಿ ಹೊಸ ಆವೃತ್ತಿಯೆಂದರೆ ಹೊಸ ಸೌಲಭ್ಯ. ಭದ್ರತೆ ಆಮೇಲಿನ ಮಾತು. ಆ ಬ್ರೌಸರಿನ ಗುಪ್ತ ಕೀಲಿಯನ್ನು ಗಡಿಯಾರದ ಸಮಯ ಹಿಡಿದು ಊಹಿಸಬಹುದೆಂದು 1995ರಲ್ಲಿ ಬರ್ಕ್ಲಿಯ ಇಯಾನ್ ಗೋಲ್ಡ್‌ಬರ್ಗ್, ಡೇವಿಡ್ ವ್ಯಾಗ್ನರ್ ತೋರಿಸಿಕೊಟ್ಟರು. ಕಂಪನಿ ತೇಪೆ ಹಾಕಿತು. ಅದನ್ನು ಇಳಿಸಿಕೊಳ್ಳುವ ಕೆಲಸ ಮಾತ್ರ ಬಳಕೆದಾರನ ಪಾಲಿಗೇ ಬಂತು.

ಆಮೇಲೆ ಬರಗಾಲ. ಇಂಟರ್‌ನೆಟ್ ಎಕ್ಸ್‌ಪ್ಲೋರರ್ 6 ಬಂದದ್ದು 2001ರಲ್ಲಿ, ಏಳನೆಯದು 2006ರಲ್ಲಿ. 2003ರ ಅಕ್ಟೋಬರಿನಿಂದ ತಿಂಗಳ ಎರಡನೇ ಮಂಗಳವಾರ ಮೈಕ್ರೋಸಾಫ್ಟ್ ತೇಪೆಗಳ ಕಂತೆ ಬಿಡತೊಡಗಿತು. ಆಗ ನಾನಿದ್ದ ಒಂದು ಕಚೇರಿಯ ಟೆಂಡರ್ ವಿಭಾಗದಲ್ಲಿ ಮಾನಿಟರಿಗೊಂದು ಚೀಟಿ: ‘ಅಪ್‌ಡೇಟ್ ಮಾಡಬೇಡಿ’. ಅಂಟಿಸಿದ್ದು ನಾನೇ. ಅಲ್ಲಿನ ತಂತ್ರಾಂಶ ಎಕ್ಸ್‌ಪ್ಲೋರರಿನ ಆಕ್ಟಿವ್‌ಎಕ್ಸ್ ಜೋಡಣೆಯನ್ನು ನಂಬಿ ಆರನೇ ಆವೃತ್ತಿಗೆಂದೇ ಹೊಲಿಸಿದ ಅಂಗಿ. ಬ್ರೌಸರ್ ಬದಲಾದರೆ ಟೆಂಡರೇ ತೆರೆಯುತ್ತಿರಲಿಲ್ಲ. ಗುಮಾಸ್ತರ ಸೋಮಾರಿತನಕ್ಕೂ ಇದಕ್ಕೂ ಏನು ಸಂಬಂಧ?

ನಿಜವಾದ ತಿರುವು 2008ರ ಸೆಪ್ಟೆಂಬರಿನ ಕ್ರೋಮ್. ಅದರ ವೇಗದ ಗುಣಗಾನ ಎಲ್ಲರೂ ಮಾಡಿದರು. ನನ್ನಂಥವರಿಗೆ ದೊಡ್ಡದಾಗಿ ಕಂಡದ್ದು ಎರಡು: ಪ್ರತಿ ಪುಟವನ್ನೂ ಕಟ್ಟಿಹಾಕುವ ಸ್ಯಾಂಡ್‌ಬಾಕ್ಸ್, ಮತ್ತು ಯಾರನ್ನೂ ಕೇಳದೆ ನಡೆಯುವ ಮೌನ ನವೀಕರಣ. ಮರುವರ್ಷ ಬಂದ ಕೂರ್ಜೆಟ್ ವಿಧಾನ ಹಳೆಯ, ಹೊಸ ಪ್ರತಿಗಳ ವ್ಯತ್ಯಾಸವನ್ನಷ್ಟೇ ಕಳಿಸುತ್ತಿತ್ತು. ಗೂಗಲ್ ತೋರಿಸಿದ ಉದಾಹರಣೆಯಲ್ಲಿ ಸುಮಾರು 10 ಎಂಬಿಯ ಪ್ರತಿ 78 ಕೆಬಿಗೆ ಇಳಿದಿತ್ತು. 256 ಕೆಬಿಪಿಎಸ್ ಸಂಪರ್ಕವನ್ನೇ ಬ್ರಾಡ್‌ಬ್ಯಾಂಡ್ ಎನ್ನುತ್ತಿದ್ದ ನಮ್ಮ ಆ ದಿನಗಳಲ್ಲಿ ಇದು ಸಣ್ಣ ಉಪಕಾರವಲ್ಲ.

2009ರಲ್ಲಿ ಥಾಮಸ್ ಡ್ಯೂಬೆನ್‌ಡಾರ್ಫರ್, ಸ್ಟೆಫಾನ್ ಫ್ರೈ ಲೆಕ್ಕ ಹಾಕಿದರು: ಹೊಸ ಪ್ರತಿ ಬಂದ ಮೂರು ವಾರದಲ್ಲಿ ಕ್ರೋಮ್ ಬಳಕೆದಾರರಲ್ಲಿ ಶೇ. 97 ಮಂದಿ ಅದರಲ್ಲಿದ್ದರು. ಅನುಮತಿ ಕೇಳುತ್ತಿದ್ದ ಫೈರ್‌ಫಾಕ್ಸಿನಲ್ಲಿ ಶೇ. 85. ಒಂದು ಗುಂಪಿನ ಜನ ಶಿಸ್ತಿನವರು, ಇನ್ನೊಂದರವರು ಸೋಮಾರಿಗಳು ಎಂದೇ? ಅಲ್ಲ, ಒಂದು ಬ್ರೌಸರ್ ಅನುಮತಿ ಕೇಳುತ್ತಿತ್ತು, ಇನ್ನೊಂದು ಕೇಳುತ್ತಿರಲಿಲ್ಲ. 2011ರಲ್ಲಿ ಫೈರ್‌ಫಾಕ್ಸೂ ಆರು ವಾರಕ್ಕೊಂದು ಆವೃತ್ತಿಯ ದಾರಿ ಹಿಡಿಯಿತು. ಕಚೇರಿಗಳು ಗೋಳಾಡಿದ್ದಕ್ಕೆ 2012ರಲ್ಲಿ ನಿಧಾನದ ಇಎಸ್‌ಆರ್ ಕವಲು ಬಂತು. ಅದು ಅಗತ್ಯವಾಗಿತ್ತು, ಒಪ್ಪಿಕೊಳ್ಳುತ್ತೇನೆ.

ವೇಗವೇ ಹೊಸ ತೊಡಕನ್ನೂ ತಂದಿತು. ಕ್ರೋಮಿನ ತಳಹದಿಯಾದ ಕ್ರೋಮಿಯಂನ ಮೂಲ ಸಂಕೇತ ಎಲ್ಲರ ಕಣ್ಣೆದುರಿದೆ. ತೂತು ಮುಚ್ಚಿದ ಸಾಲು ಅಲ್ಲಿ ಕಂಡ ದಿನವೇ ಕಳ್ಳನಿಗೆ ತೂತಿನ ವಿಳಾಸ ಸಿಕ್ಕಂತೆ. ತೇಪೆ ನಮಗೆ ತಲುಪುವ ತನಕ ಅವನಿಗೆ ಸುಗ್ಗಿ. ಆ ಅಂತರ ಒಂದು ಕಾಲಕ್ಕೆ ಸರಾಸರಿ 35 ದಿನವಿತ್ತು, ಆಮೇಲೆ 15ಕ್ಕೆ ಇಳಿಯಿತು. ಇನ್ನೂ ಇಳಿಸಲೆಂದು 2023ರ ಆಗಸ್ಟಿನಿಂದ ವಾರಕ್ಕೊಮ್ಮೆ ತೇಪೆ ಬರುತ್ತಿದೆ.

ಆದರೆ ಇಳಿದ ತೇಪೆ ಹತ್ತಬೇಕಾದರೆ ಬ್ರೌಸರನ್ನು ಮುಚ್ಚಿ ತೆರೆಯಬೇಕು. ಕ್ರೋಮಿನ ಮೇಲ್ಮೂಲೆಯ ಗುರುತು ಮೊದಲು ಹಸಿರು, ನಾಲ್ಕು ದಿನಕ್ಕೆ ಕಿತ್ತಳೆ, ವಾರ ಕಳೆದರೆ ಕೆಂಪು. ನಲವತ್ತು ಟ್ಯಾಬ್ ತೆರೆದಿಟ್ಟವರು ಕೆಂಪಿಗೂ ಜಗ್ಗುವುದಿಲ್ಲ. ಬಳಕೆದಾರನ ಪಾಲಿನ ತಪ್ಪು ಎಂದರೆ ಇಷ್ಟೇ.

ಉಳಿದದ್ದು ಬೇರೆಯವರ ಲೆಕ್ಕ. ವಿಂಡೋಸ್ 7ಕ್ಕೆ ಕ್ರೋಮ್ 2023ರ ಜನವರಿಯ 109ನೇ ಆವೃತ್ತಿಯೇ ಕೊನೆ. ಐಫೋನಿನ ಸಫಾರಿ ಇಡೀ ಐಒಎಸ್‌ನ ಬಾಲ ಹಿಡಿದೇ ಬರಬೇಕು; ಐಒಎಸ್ ನಿಂತರೆ ಸಫಾರಿಯೂ ನಿಂತಂತೆ. ಗಟ್ಟಿಮುಟ್ಟಾಗಿ ಓಡುತ್ತಿರುವ ಯಂತ್ರವಿರುವಾತ ಎಲ್ಲಿ ಒತ್ತಿದರೂ ತೇಪೆ ಬಾರದು. ಅವನಿಗೆ ‘ಅಪ್‌ಡೇಟ್ ಮಾಡಿ’ ಎನ್ನುವುದು ‘ಹೊಸದು ಕೊಳ್ಳಿ’ ಎಂದಂತೆಯೇ.

ತರಬೇತಿಗಳಲ್ಲಿ ಇನ್ನು ಮುಂದೆ ಒಂದು ಪಾಠ ಖರೀದಿ ಷರತ್ತು ಬರೆಯುವವರಿಗೂ ಇರಲಿ: ಬ್ರೌಸರ್ ಬದಲಾದರೂ ನಡೆಯುವ ತಂತ್ರಾಂಶವನ್ನೇ ಕೊಳ್ಳಿ. ಆಗಲೇ ಹಾಗೆ ಕೊಂಡಿದ್ದರೆ ನನಗೆ ಆ ಚೀಟಿ ಬರೆಯುವ ಕೆಲಸ ತಪ್ಪುತ್ತಿತ್ತು.