ಪಾಸಾದರೂ ಸಿಗದ ಪದವಿ

ಆಕ್ಸ್‌ಫರ್ಡ್‌ನ ಹಳೇ ಸಂಗೀತ ಪದವಿಯ ನಿಯಮಗಳು ತಮಾಷೆಯಾಗಿವೆ ನೋಡಿ. ಹತ್ತೊಂಬತ್ತನೇ ಶತಮಾನದಲ್ಲೂ ಅಲ್ಲೇ ಉಳಿದು ಪಾಠ ಕೇಳಲೇಬೇಕು ಅಂತೇನಿರಲಿಲ್ಲ. ಸ್ವಂತದ್ದೊಂದು ರಚನೆ ಒಪ್ಪಿಸಬೇಕಿತ್ತು: ಬ್ಯಾಚುಲರ್‌ಗೆ ಐದು ದನಿಯದ್ದು, ಡಾಕ್ಟರ್‌ಗೆ ಎಂಟು ದನಿಯದ್ದು. ಐದು ಧಾಟಿ ಒಟ್ಟಿಗೇ ಸಾಗಬೇಕು, ಒಂದಕ್ಕೊಂದು ಡಿಕ್ಕಿ ಹೊಡೀಬಾರದು! ಒಂಟಿ ದನಿಯ ಕಛೇರಿ ಕೇಳಿ ಬೆಳೆದ ನನಗೆ ಊಹಿಸೋಕೂ ಕಷ್ಟ. (1791ರಲ್ಲಿ ಹೇಡನ್‌ಗೆ ಗೌರವ ಡಾಕ್ಟರೇಟನ್ನೇ ಕೊಟ್ಟರು, ಅದು ಬೇರೆ ಮಾತು.)

ನನಗೆ ಹೊಟ್ಟೆ ಉರಿಯೋದು ಎಲಿಜಬೆತ್ ಸ್ಟರ್ಲಿಂಗ್ ಕಥೆಗೆ. ಲಂಡನ್ನಿನ ಈ ಆರ್ಗನ್ ವಾದಕಿ 1856ರಲ್ಲಿ ಬೈಬಲ್ಲಿನ 130ನೇ ಕೀರ್ತನೆಯನ್ನು ಐದು ದನಿ ಮತ್ತು ವಾದ್ಯವೃಂದಕ್ಕೆ ಹೊಂದಿಸಿ ಒಪ್ಪಿಸಿದರು. ರಚನೆ ಪಾಸಾಯಿತು, ಪದವಿ ಸಿಗಲಿಲ್ಲ. ಹೆಂಗಸರಿಗೆ ಪದವಿ ಕೊಡುವ ಅಧಿಕಾರವೇ ವಿಶ್ವವಿದ್ಯಾಲಯಕ್ಕೆ ಇರಲಿಲ್ಲವಂತೆ! ಆಕ್ಸ್‌ಫರ್ಡ್ ಹೆಂಗಸರಿಗೆ ಪದವಿ ಕೊಡಲು ಶುರುಮಾಡಿದ್ದು 1920ರಲ್ಲಿ. ಸ್ಟರ್ಲಿಂಗ್ ತೀರಿಕೊಂಡು ಆಗಲೇ 25 ವರ್ಷವಾಗಿತ್ತು.